ವಿಭೂತಿ ಹಚ್ಚಿದ ಸಿಡಿ

ಗುಂಡ್ಲುಪೇಟೆ
14-11-2007

ಪ್ರೀತಿಯ ಯಜಮಾನರಿಗೆ,

ಆರೋಗ್ಯವಾಗಿದ್ದೀರಾ? ಬೀದರ್‌ಗೆ ವರ್ಗವಾದಾಗಿನಿಂದ ನಿಮ್ಮ ಹೊಟ್ಟೆಯದೇ ಚಿಂತೆ, ಮಜ್ಜಿಗೆ ಮರೆಯಬೇಡಿ. ನಾನು ಕ್ಷೇಮವೆಂದು ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ಹೇಳಹೋದರೆ "ಆಮೇಲ್ ಮಾತಾಡನ ಬುಡು" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ, ಅದೂ ಕೈಬರಹದಲ್ಲಿ. ನಿಮ್ಮ ಕೃಪೆಯಿಂದ ನನ್ನ ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಈಗ ಕನ್ನಡವೇ ಮೂಡುವುದಿಲ್ಲ.

ಆಯುಧಪೂಜೆಗೆ ಬಂದವರು ನನ್ನನ್ನು ಒಂದು ಮಾತೂ ಕೇಳದೆ ಕಂಪ್ಯೂಟರಿನ ಹಳೆಯ ವಿಂಡೋಸ್ ಎಕ್ಸ್‌ಪಿ ತೆಗೆಸಿ ಹೊಸ ವಿಸ್ಟಾ ಹಾಕಿಸಿದಿರಿ. "ಎಲ್ರೂ ಹೊಸದ್ನೇ ಹಾಕುಸ್ತಾವ್ರೆ, ನೀನೊಬ್ಳೇ ಹಳೇದ್ ತಬ್ಕಂಡ್ ಕುಂತಿದ್ದೀಯೆ" ಎಂದಿರಿ. ಮೊದಲ ವಾರ ಪಕ್ಕದ ತಾಲ್ಲೂಕು ಕಚೇರಿಗೆ ಬಂದವರೆಲ್ಲ ಆ ಬಣ್ಣದ ಪರದೆ ನೋಡಲು ಅಂಗಡಿಯೊಳಗೆ ಬಂದದ್ದು ನಿಜ. ಈಗ? ನಮ್ಮ ಪುಟ್ಟ ಮಷೀನಿಗೆ ಅದು ಭಾರ, ಅದು ಏಳುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ನನ್ನ ಹಳೆಯ ಟೈಪಿಂಗ್ ಸಾಫ್ಟ್‌ವೇರ್ ಅದಕ್ಕೆ ಒಗ್ಗುತ್ತಿಲ್ಲ. ಐದು ವರ್ಷದ ಲಗ್ನಪತ್ರಿಕೆಗಳೆಲ್ಲ ಬರೀ ಚೌಕಗಳಾಗಿ ಕೂತಿವೆ. ಹರವೆಯ ಸಿದ್ದಮಲ್ಲಪ್ಪನವರು ಮಗಳ ಪತ್ರಿಕೆಗಾಗಿ ಮೂರು ಸಲ ಅಲೆದು, "ಹಳೇದೇ ಸಂದಾಗಿತ್ತು ಕಣಮ್ಮಿ" ಎಂದು ಎದುರಿನ ಅಂಗಡಿಗೆ ಹೋದರು. ಅವರು 'ಇಲ್ಲಿ ಎಕ್ಸ್‌ಪಿ ಇದೆ' ಎಂದು ಬೋರ್ಡೇ ಹಾಕಿದ್ದಾರೆ! ಹೋದ ತಿಂಗಳು ವಿಸ್ಟಾ ಎಂದು ಮೆರೆದವರೂ ಈಗ ಹಳೆಯದನ್ನೇ ಹಾಕಿಕೊಡಿ ಎಂದು ಅಂಗಡಿ ಅಂಗಡಿ ಸುತ್ತುತ್ತಿದ್ದಾರೆ. ಈ ಕಾರ್ತಿಕದ ಮದುವೆ ಕೆಲಸ ಕೈತಪ್ಪಿದರೆ ನಾನು ಬಾಗಿಲು ಹಾಕಬೇಕು.

ಚಾಮರಾಜನಗರದ ರಿಪೇರಿ ನಂಜಯ್ಯ ನಿಮಗೇ ಗೊತ್ತು, ಸ್ವಂತ ಸಿಡಿ ಕೊಟ್ಟರೆ ಮಾತ್ರ ಹಾಕಿಕೊಡುತ್ತಾರೆ. ನಮ್ಮ ಎಕ್ಸ್‌ಪಿ ಡಬ್ಬಿಯ ಸಿಡಿಗೋ ಅತ್ತೆ ಪೂಜೆಯ ದಿನ ಎರಡೂ ಬದಿಗೆ ವಿಭೂತಿ ಬಳಿದು ಕುಂಕುಮವಿಟ್ಟಿದ್ದಾರೆ. ನೀವು ಫೋನಿನಲ್ಲಿ "ಅವ್ವನೇ ಕೆಡಿಸ್ಬುಟ್ಲು" ಎಂದಾಗಿನಿಂದ ಅವರು ಅಂಗಡಿಗೆ ಕಾಲಿಟ್ಟಿಲ್ಲ, ನೆಟ್ಟಗೆ ಉಣ್ಣುತ್ತಿಲ್ಲ. "ಒಳ್ಳೇದಾಗ್ಲಿ ಅಂತ ಅಚ್ಚುದ್ನಲ್ಲವ್ವ" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ. ಇವತ್ತು ನಂಜಯ್ಯ ಬಂದು ಸಿಡಿ ನೋಡುತ್ತಾರಂತೆ.

ಮೈಮೇಲೆ ಎಚ್ಚರವಿರಲಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಇಷ್ಟಾದರೂ.

ಸಿಟ್ಟಿನಲ್ಲೂ ನಿಮ್ಮವಳೇ ಆದ
ತೇಜಸ್ವಿನಿ

ತಾ.ಕ.: ನಂಜಯ್ಯ ಈಗತಾನೆ ಸಿಡಿ ತೊಳೆದು ಹಾಕಿದರು. ಒಂದು ಗೀರೂ ಇಲ್ಲ, ಚೆನ್ನಾಗಿ ಓಡಿತು. ಪರದೆಯ ಮೇಲೆ ಬಂದದ್ದು ನಮ್ಮ ಮದುವೆ! "ಎಕ್ಸ್‌ಪಿ ಸಿಡಿ ಸಾಹೇಬ್ರ ಅತ್ರವೇ ಅದಲ್ವ? ಅಬ್ಬದ್ ಇಂದಿನ್ ದಿನವೇ ಅವ್ರ ಲ್ಯಾಪ್‌ಟಾಪ್ಗೆ ನಾನೇ ಆಕ್ಕೊಟ್ಟೆ" ಎಂದರು. ಪೂಜೆಯಲ್ಲಿ ಖಾಲಿ ಡಬ್ಬಿ ಕಾಣಬಾರದೆಂದು ಅದರೊಳಗೆ ಮದುವೆ ಸಿಡಿ ತುರುಕಿಟ್ಟು, ಗೊತ್ತಿದ್ದೂ ತಪ್ಪನ್ನು ಹೆತ್ತವಳ ಮೇಲೆ ಹಾಕಿದಿರಿ. ಅತ್ತೆಗೆ ನಾನಿನ್ನೂ ಹೇಳಿಲ್ಲ. ಶನಿವಾರದ ಬಸ್ಸಿಗೆ ಆ ಎಕ್ಸ್‌ಪಿ ಸಿಡಿ ಹಿಡಿದುಕೊಂಡು ಬನ್ನಿ. ಅವರ ಮುಂದೆ ಕೂತು ನೀವೇ ಹೇಳಿ.