ಉತ್ತರಕ್ಕೆ ತಲೆದಿಂಬು

ಅತ್ತೀ,

ಶರಣು. ಅತ್ತೆಯವರೇ ಎಂದು ಬರೆದರೆ ಬೇರೆ ಯಾರನ್ನೋ ಕರೆದಂತಾಗುತ್ತದೆ, ನೀವು ತಿರುಗಿಯೂ ನೋಡಲಿಕ್ಕಿಲ್ಲ. ಅದಕ್ಕೆ ಮನೆಯಲ್ಲಿ ಕರೆದಂತೆಯೇ ಕರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ಕ್ಷೇಮ ಸಮಾಚಾರ ಆಮೇಲೆ. ನೀವು ಹೋದದ್ದು ಹೃದಯದ ಬೇನೆಯಿಂದ ಅಲ್ಲವಂತೆ. ನಮ್ಮ ಗಾಡಿಯಲ್ಲಿ ಉತ್ತರಕ್ಕೆ ತಲೆ ಹಾಕಿ ಮಲಗಿದ್ದಕ್ಕಂತೆ. ಆ ಹಾಸಿಗೆ ಮಾಡಿಸಿದವಳು ನಾನಾದ್ದರಿಂದ... ಮುಂದಿನದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ಈಗ ಹಾಸಿಗೆ ಕಿತ್ತು ಗಾಡಿ ಮಾರಬೇಕಂತೆ, ನಾವು ಎಲ್ಲಿಗೂ ಹೋಗಬಾರದಂತೆ. ಕೇಳಿದಿರಾ ನಿಮ್ಮ ಮನೆಯ ನ್ಯಾಯ?

ಆ ಚಳಿಗಾಲ ನೆನಪಿದೆಯೇ? ಕಲಬುರಗಿಗೆ ವರ್ಷವರ್ಷ ಬರುವ ಸ್ವೆಟರ್ ಅಂಗಡಿಗಳ ಸಾಲಿನಲ್ಲಿ ನಿಂತು ನೀವು ಒಂದು ಸ್ವೆಟರನ್ನು ಹಿಂದೆ ಮುಂದೆ ಎಳೆದು ನೋಡುತ್ತಿದ್ದಿರಿ. ಕೊಳ್ಳುವ ಮನಸ್ಸಿರಲಿಲ್ಲ, ಮಾತಾಡುವ ಮನಸ್ಸಿತ್ತು. ಅಂಗಡಿಯ ಹೆಂಗಸು ಲಡಾಖಿನಿಂದ ಬಂದವಳು. ಅರ್ಧ ಹಿಂದಿ, ಅರ್ಧ ನಮ್ಮ ಬಜಾರದ ಮಾತು ಕಲಿತಿದ್ದಳು. ಅವರ ಊರಿನಲ್ಲಿ ಬೇಸಿಗೆಯಲ್ಲೂ ರಾತ್ರಿ ದಪ್ಪ ಹೊದಿಕೆ ಬೇಕೇ ಬೇಕು ಎಂದಳು. ನೀವು ಸ್ವೆಟರ್ ಕೆಳಗಿಟ್ಟಿರಿ. ಬೇಸಿಗೆ ಬಂತೆಂದರೆ ನೆಲಕ್ಕೆ ನೀರು ಚಿಮುಕಿಸಿ, ಸೆರಗು ತೋಯಿಸಿ ಮೈಮೇಲೆ ಎಳೆದುಕೊಂಡು ಮಲಗುವ ಹೆಂಗಸು ನೀವು. ಆಟೊ ಹಿಡಿದು ಕುಸನೂರಿನ ನಮ್ಮ ಮನೆ ಮುಟ್ಟಿದೆವು. ಚಪ್ಪಲಿ ಬಿಡುತ್ತ ಹೇಳಿದಿರಿ: "ಗಂಗೂ, ಬ್ಯಾಸಗ್ಯಾಗ ಕೌದಿ ಹೊಚ್ಚಿಕೊಂಡು ಮಲಗೋ ಊರು ಭೂಮಿ ಮ್ಯಾಲ ಅದ ಅಂತ. ನಾ ಅಲ್ಲಿ ಒಂದ ರಾತ್ರಿ ಮಲಗಬೇಕು ನೋಡು."

ನಿಮ್ಮ ಸಣ್ಣ ಮಗ, ಅಂದರೆ ನನ್ನ ಯಜಮಾನರು, ಎಂದಿನಂತೆ ನಕ್ಕರು. ಎಂದಿನಂತೆ ಒಪ್ಪಿದರು. ರೈಲಿನಲ್ಲಿ ಹೋಗೋಣ ಎಂದರೆ ನೀವು ಒಲ್ಲೆ ಎಂದಿರಿ. ಲಾಡ್ಜಿನ ಹಾಸಿಗೆಯ ಮೇಲೆ ನಿನ್ನೆ ಯಾರು ಬಿದ್ದುಕೊಂಡಿದ್ದರೋ, ಅಲ್ಲಿ ನನ್ನ ಕೌದಿ ಹಾಸುವುದಿಲ್ಲ ಎಂದಿರಿ. ಹಾಗಾದರೆ ಮನೆಯನ್ನೇ ಹೊತ್ತುಕೊಂಡು ಹೋಗಬೇಕಾಗುತ್ತದೆ ಎಂದು ಅವರು ಚೇಷ್ಟೆ ಮಾಡಿದರು. ಮಾಡಿದ್ದೇ ತಪ್ಪಾಯಿತು. ಸೇಡಂ ರಸ್ತೆಯ ಅವರ ಬ್ಯಾಟರಿ ಅಂಗಡಿಯ ಮುಂದೆ, ಮದುವೆಯ ಬೀಗರನ್ನು ಹೊತ್ತು ಹೊತ್ತು ಸುಸ್ತಾಗಿದ್ದ ಹಳೆಯ ಟೆಂಪೊ ಟ್ರಾವೆಲರ್ ಗಾಡಿಯೊಂದು ಗಿರಾಕಿಗಾಗಿ ನಿಂತಿತ್ತು. ಅದು ನಮ್ಮ ಮನೆಯಾಯಿತು. ಸೀಟು ಕೀಳಿಸಿದೆವು, ಆರ್‌ಟಿಒ ಆಫೀಸಿಗೆ ತಿರುಗಿ ತಿರುಗಿ ಒಪ್ಪಿಗೆ ತಂದೆವು. ನೀರಿನ ಟಾಕಿ, ಗ್ಯಾಸ್ ಒಲೆ, ಎರಡು ಫ್ಯಾನು ಕೂಡಿಸಿದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ ಎಷ್ಟು ದಿನ ಕೆಡುವುದಿಲ್ಲ ಎಂಬುದು ನಿಮಗೆ ಗೊತ್ತಿತ್ತು. ಅಷ್ಟು ಎತ್ತರದಲ್ಲಿ ಬೇಳೆ ಬೇಯುತ್ತದೋ ಇಲ್ಲವೋ ಎಂಬುದು ಮಾತ್ರ ನಿಮ್ಮ ಚಿಂತೆ.

ಪಡಸಾಲೆಯಲ್ಲಿ ನಕ್ಷೆ ಹಾಸಿಕೊಂಡು ಕೂತ ಆ ರವಿವಾರಗಳು ನನ್ನ ಕಣ್ಣ ಮುಂದಿವೆ. ನಾನು ಊರಿನ ಹೆಸರು ಓದುವುದು, ನೀವು ಮುಷ್ಟಿಯಲ್ಲಿದ್ದ ತೊಗರಿಯಿಂದ ಒಂದು ಕಾಳು ಅಲ್ಲಿಡುವುದು. ಕಾಳು ಇಟ್ಟಲ್ಲಿ ರಾತ್ರಿಯ ವಸ್ತಿ. ಹುಮನಾಬಾದ, ಬೀದರ ದಾಟಿ ನಾಂದೇಡಕ್ಕೊಂದು, ನಾಗಪುರಕ್ಕೊಂದು, ಹೀಗೆ ಮೇಲೆ ಮೇಲೆ. ನಡುವೆ ಫ್ಯಾನಿನ ಗಾಳಿಗೆ ಕಾಳು ಉರುಳಿ ಒಮ್ಮೆ ಪಾಕಿಸ್ತಾನಕ್ಕೆ ಹೋಯಿತು. ನೀವು ಹೋಗಿ ಫ್ಯಾನ್ ಬಂದ್ ಮಾಡಿ ಬಂದಿರಿ. ಆ ಸೆಕೆಯಲ್ಲಿ ನಾವಿಬ್ಬರೂ ಬೆವರು ಸುರಿಸುತ್ತ ಚಳಿಯ ಊರಿಗೆ ಕಾಳು ಇಟ್ಟುಕೊಂಡು ಕೂತಿದ್ದೆವು.

ಹಾಸಿಗೆಯ ಅಳತೆ ಕೊಟ್ಟವರು ನೀವೇ ಅಲ್ಲವೇ? ಗಾಜಿಪುರದ ಬಡಗಿ ರಶೀದ್ ಮೇಸ್ತ್ರಿಯ ಕಾರಖಾನೆಗೆ ಹೋಗಿ, ಅವರು ಟೇಪು ಹುಡುಕುವುದರೊಳಗೆ ಕಟ್ಟಿಗೆಯ ಹೊಟ್ಟಿನ ಮೇಲೆಯೇ ಉದ್ದಕ್ಕೆ ಮಲಗಿ, ನನ್ನಷ್ಟು ಉದ್ದ ಇದ್ದರೆ ಸಾಕು ಎಂದಿರಿ. ಮೇಸ್ತ್ರಿ ಪಾಪ ಸಂಕೋಚದಿಂದ ಗೋಡೆ ನೋಡುತ್ತ ನಿಂತರು. ಹಿಂದಿನ ಬಾಗಿಲ ಸಂದಿಯಿಂದ ಧೂಳು ನುಗ್ಗುತ್ತದೆ, ತಲೆದಿಂಬು ಡ್ರೈವರ್ ಸೀಟಿನ ಬೆನ್ನಿಗಿರಲಿ ಎಂದವರೂ ನೀವೇ. ಅಲ್ಲಿಗೆ ಹಾಸಿಗೆಯ ತಲೆ ಗಾಡಿಯ ಮುಖದ ಕಡೆಗಾಯಿತು. ಗಾಡಿ ಎತ್ತ ನೋಡುತ್ತದೋ ಮಲಗಿದವರ ತಲೆ ಅತ್ತ. ಇದರಲ್ಲಿ ನನ್ನದೇನಿತ್ತು, ಹೇಳಿ?

ಭಾವನವರಿರುವ ಕಮಲಾಪುರದ ನಮ್ಮ ಹೊಲಕ್ಕೆ ಗಾಡಿ ಒಯ್ದ ದಿನ ಅವರು ಒಳಗೆ ಹತ್ತಿ ಎಲ್ಲ ನೋಡಿದರು. ನಿಮ್ಮ ಹಿರಿಯ ಮಗ ಒಲೆ ನೋಡಲಿಲ್ಲ, ಟಾಕಿ ನೋಡಲಿಲ್ಲ, ಹಾಸಿಗೆ ನೋಡಿದರು. ಆಮೇಲೆ ಸೂರ್ಯ ಎಲ್ಲಿದ್ದಾನೆ ಎಂದು ಹೊರಗೆ ಇಣುಕಿದರು. "ಗಾಡಿ ಮಾರಿನೂ ಉತ್ತರಕ್ಕ, ತಲಿನೂ ಉತ್ತರಕ್ಕ. ಊರು ಮುಟ್ಟೂತನಕ ಹೆಣದಂಗ ಮಲಗತೀರೇನು?" ಎಂದರು. ನೀವು ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದಿರಿ, ತಲೆಯನ್ನೂ ಎತ್ತಲಿಲ್ಲ. "ಮನಿಗಿ ಗಾಲಿ ಇರಂಗಿಲ್ಲ ಮಲ್ಲೂ, ಇದಕ್ಕ ಅದಾವ. ಮಲಗೂ ಹೊತ್ತಿಗಿ ತಿರುವಿ ನಿಲ್ಲಸತೀವಿ." ಎಲ್ಲರೂ ನಕ್ಕರು. ಅವರು ನಗಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಅದೇ ಮಧ್ಯಾಹ್ನ ನೀವು ಬೇವಿನ ಗಿಡದ ನೆರಳಿನಲ್ಲಿ ಉತ್ತರಕ್ಕೇ ಮುಖ ಮಾಡಿ ನಿಂತಿದ್ದ ಗಾಡಿ ಹತ್ತಿ, ಪರೀಕ್ಷೆ ಮಾಡುತ್ತೇನೆ ಎಂದು ಕೌದಿ ಹೊದ್ದು ಮಲಗಿದಿರಿ. ರಣರಣ ಬಿಸಿಲು, ಮೇಲೆ ಹಳೆಯ ಇಳಕಲ್ ಸೀರೆಗಳ ಕೌದಿ! ಚಳಿ ಬಂತೇನು ಎಂದು ನಾನು ಕೇಳಿದರೆ, ಬರುತ್ತಾ ಇದೆ, ಹಾದಿಯಲ್ಲಿದೆ ಎಂದಿರಿ. ಸ್ವಲ್ಪ ಹೊತ್ತಿಗೆ ಕೌದಿ ಒದ್ದು, ಹಿಂದಿನ ಬಾಗಿಲು ತೆಗೆಸಿ, ಗಾಳಿ ಬರುವ ಕಡೆ ತಲೆದಿಂಬು ಎಳೆದುಕೊಂಡು ನಿದ್ದೆ ಹೋದಿರಿ. ಅಂದರೆ ನಿಮ್ಮ ತಲೆ ಇದ್ದದ್ದು ದಕ್ಷಿಣಕ್ಕೆ. ನೋಡಿದವಳು ನಾನೊಬ್ಬಳೇ, ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತಿದ್ದೆ. ಎದ್ದ ಮೇಲೆ ಕೌದಿ ಮಡಚಿ, ತಲೆದಿಂಬನ್ನು ಅದರ ಜಾಗದಲ್ಲೇ ಇಟ್ಟು ಕೂತಿರಿ. ಚಹಾಕ್ಕೆ ಕರೆಯಲು ಭಾವನವರು ಬಂದದ್ದು ಆಗ. ಅವರು ನೋಡಿದ್ದು ತಲೆದಿಂಬನ್ನು. ನಿಮ್ಮನ್ನಲ್ಲ.

ಅದಾಗಿ ಕೆಲವೇ ದಿನಕ್ಕೆ ನೀವು ಹೋದಿರಿ. ಆ ಬೆಳಗನ್ನು ನಾನು ಬರೆಯಲಾರೆ. ಕುಸನೂರಿನ ಹಿತ್ತಲಿನಲ್ಲಿ ಕೊತ್ತಂಬರಿಗೆ ನೀರು ಹಾಕುತ್ತಿದ್ದವರು... ಇರಲಿ. ಹೃದಯ ಬಹಳ ದಿನಗಳಿಂದ ಸೋತಿತ್ತು, ನೀವು ಯಾರಿಗೂ ಹೇಳಿರಲಿಲ್ಲ ಎಂದು ಡಾಕ್ಟರು ನನ್ನೆದುರಿಗೇ ಹೇಳಿದರು. ಕಮಲಾಪುರಕ್ಕೆ ಒಯ್ದೆವು. ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು. ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಕೂಡಿಸಿಯೇ ಹೆಗಲ ಮೇಲೆ ಹೊಲಕ್ಕೆ ಒಯ್ದರು. ಸಮಾಧಿಯ ಕುಣಿಯಲ್ಲಿ ಯಾವ ಕಡೆ ಮುಖ ಮಾಡುವುದು ಎಂದು ಕೇಳಿದಾಗ, ಪೂರ್ವಕ್ಕಿರಲಿ ಎಂದು ಯಾರೋ ಅಂದರು. ಭಾವನವರು ಒಪ್ಪಲಿಲ್ಲ. ಕೈಲಾಸ ಉತ್ತರಕ್ಕಿದೆ, ಅವ್ವನ ಮುಖ ಉತ್ತರಕ್ಕಿರಲಿ ಎಂದು ಅತ್ತರು. ಆಗ ನಾನೂ ಅತ್ತೆ. ಅವರ ಅಳು ಸುಳ್ಳು ಎನ್ನುವಷ್ಟು ಕಟುಕಳಲ್ಲ ನಾನು.

ನಿಮ್ಮ ಹೆಸರಿನ ಶಿವಗಣಾರಾಧನೆಯ ದಿನ ಪ್ರಸಾದ ಮುಗಿದು, ಬಂಧುಗಳೆಲ್ಲ ಎಲೆಅಡಿಕೆ ಹಾಕಿಕೊಂಡು ಕೂತಾಗ ಭಾವನವರು ಶುರು ಮಾಡಿದರು. "ಅವ್ವ ಉತ್ತರಕ್ಕ ತಲಿ ಕೊಟ್ಟು ಮಲಗಿದ್ಳು. ನಾ ಕಣ್ಣಾರೆ ನೋಡೀನಿ. ಬ್ಯಾಡ ಅಂದ್ರೂ ಇವರು ಕೇಳಲಿಲ್ಲ. ಅದ ಒಯ್ತು ಆಕಿನ್ನ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ ನಮ್ಮವರು. ಹೌದು ಹೌದು ಎಂದು ತಲೆ ಆಡಿಸಿದರು. ಒಬ್ಬರು ತಮ್ಮ ಮಾವನೂ ಹಾಗೆಯೇ ಹೋದರು ಎಂದರು. ಇನ್ನೊಬ್ಬರು, ಸೊಸೆಯಂದಿರಿಗೆ ಈಗ ತಿರುಗಾಟ ಹೆಚ್ಚಾಗಿದೆ ಎಂದರು. ನಿಮಗೆ ಔಷಧ ನೆನಪಿಸಿದವಳು, ತಲೆ ಬಾಚಿದವಳು, ಪೇಪರ್ ಓದಿ ಹೇಳಿದವಳು ನಾನು. ಒಂದು ಮಧ್ಯಾಹ್ನದ ನಿದ್ದೆಗೆ ಕೊಲೆಗಾರ್ತಿಯಾದೆ. ನಿಮ್ಮ ಸಣ್ಣ ಮಗ ಏನು ಮಾಡಿದರು ಗೊತ್ತೇ? ಅಡಿಕೆ ಕತ್ತರಿಸಿದರು. ಒಂದಾದ ಮೇಲೆ ಒಂದು, ತಲೆ ತಗ್ಗಿಸಿಕೊಂಡು.

ನಾನು ಎದ್ದು ನಿಂತೆ. ಆ ಮನೆಗೆ ಬಂದ ಮೇಲೆ ಭಾವನವರ ಎದುರು ಎಂದೂ ಹಾಗೆ ನಿಂತವಳಲ್ಲ. "ಭಾವಾರೀ, ಅತ್ತಿನ್ನ ಕುಣಿಯಾಗ ಯಾವ ಕಡಿ ಮಾರಿ ಮಾಡಿ ಕೂಡಿಸಿದ್ರಿ?" ಎಂದು ಕೇಳಿದೆ. ಉತ್ತರಕ್ಕೆ ಎಂದರು. ಹೆಣದ ತಲೆ ಉತ್ತರಕ್ಕೆ ಎಂಬುದು ಸತ್ತವರನ್ನು ಮಲಗಿಸುವವರ ಮಾತು, ನಮ್ಮಲ್ಲಿ ಮಲಗಿಸುವುದೇ ಇಲ್ಲವಲ್ಲ, ಕೂಡಿಸುತ್ತಾರಲ್ಲ ಎಂದೆ. ಕೈಲಾಸಕ್ಕೆ ಹೋಗುವವರಿಗೆ ಒಳ್ಳೆಯದಾದ ದಿಕ್ಕು, ಕೌದಿ ಹೊದ್ದು ಮಲಗಬೇಕೆಂದು ಆಸೆಪಟ್ಟ ಹೆಂಗಸಿಗೆ ಕೆಟ್ಟದ್ದು ಹೇಗಾಯಿತು ಎಂದು ಕೇಳಿದೆ. ಅವರು, "ಅದು ಬ್ಯಾರೆ," ಎಂದರು. ಏನು ಬೇರೆ ಎಂದು ಇವತ್ತಿನವರೆಗೂ ಹೇಳಿಲ್ಲ.

ಕಲಬುರಗಿಗೆ ಮರಳುವಾಗ ಯಜಮಾನರು, ಸತ್ತ ಮನೆಯಲ್ಲಿ ಜಗಳ ಬೇಡ ಎಂದು ಸುಮ್ಮನಿದ್ದೆ ಎಂದರು. ಜಗಳ ಆಗಿಹೋಗಿತ್ತಲ್ಲ, ನಾನೊಬ್ಬಳೇ ಆಡಿದ್ದೆ. ಅದಾದ ಮೇಲೆ ಭಾವನವರಿಂದ ಮೇಲಿಂದ ಮೇಲೆ ಫೋನು. ಹಾಸಿಗೆ ಕಿತ್ತಿದಿರಾ? ಗಾಡಿಗೆ ಗಿರಾಕಿ ಬಂದರಾ? ಕೊನೆಗೆ ಅವರೇ ಗಾಜಿಪುರಕ್ಕೆ ಹೋಗಿ ಮೇಸ್ತ್ರಿಗೆ ಕೀಳಲು ಹೇಳಿದರಂತೆ. ರಶೀದ್ ಮೇಸ್ತ್ರಿ ನನ್ನ ಬಳಿ ಬಂದು ಬಾಗಿಲಲ್ಲೇ ನಿಂತು ಹೇಳಿದರು: "ಅಮ್ಮಾಜಿ ಮಲಗಿ ಅಳತಿ ಕೊಟ್ಟ ಪಲಂಗರೀ ಅದು. ನಾ ಕೀಳಂಗಿಲ್ಲ. ಬ್ಯಾರೆ ಯಾರರ ಕಿತ್ತರೂ ನನಗ ಹೇಳಬ್ಯಾಡ್ರಿ." ನಿಮ್ಮ ಪರವಾಗಿ ಮಾತಾಡಿದವರು ಅವರೊಬ್ಬರೇ.

ಹೋದ ವಾರ ಯಜಮಾನರು ಒಂದು ಉಪಾಯ ತಂದರು. ತಲೆಯ ಕಡೆಯ ಹಲಗೆ ಬಿಚ್ಚಿ ಹಿಂದಿನ ಬಾಗಿಲಿಗೆ ಕೂಡಿಸೋಣ, ಹೋಗುವಾಗ ತಲೆ ದಕ್ಷಿಣಕ್ಕಾಗುತ್ತದೆ, ಅಣ್ಣನಿಗೂ ಸಮಾಧಾನ, ನಾವೂ ಹೋಗಿ ಬರಬಹುದು ಎಂದರು. ನಿಮ್ಮ ತಲೆ ಅಂದು ಎತ್ತಲಿತ್ತು ಎಂಬ ಮಾತು ಆಗ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಆ ಕ್ಷಣವೇ ಎಲ್ಲ ಮುಗಿಯುತ್ತಿತ್ತು. ಭಾವನವರು, ಹೌದೇನು, ಹಾಗಾದರೆ ನಿನ್ನ ತಪ್ಪಿಲ್ಲ ಬಿಡು ಎನ್ನುತ್ತಿದ್ದರು. ಅದೇ ನನಗೆ ಬೇಡ. ದಕ್ಷಿಣಕ್ಕಿತ್ತು, ಅದಕ್ಕೇ ನಾನು ತಪ್ಪಿತಸ್ಥೆಯಲ್ಲ ಎಂದರೆ, ಉತ್ತರಕ್ಕಿದ್ದಿದ್ದರೆ ನಾನೇ ಕೊಂದೆ ಎಂದು ಒಪ್ಪಿಕೊಂಡಂತೆ ಅಲ್ಲವೇ? ನಾಳೆ ಇನ್ನಾವ ಮನೆಯ ಸೊಸೆಯ ತಲೆಗೆ ಇದನ್ನು ಕಟ್ಟುತ್ತಾರೋ. ಬಾಯಿ ಮುಚ್ಚಿಕೊಂಡೆ. ಹಲಗೆ ಇದ್ದಲ್ಲೇ ಇರುತ್ತದೆ, ಬರುವುದಾದರೆ ಬನ್ನಿ, ಇಲ್ಲವಾದರೆ ನಾನೇ ಗಾಡಿ ಹೊಡೆದುಕೊಂಡು ಹೋಗುತ್ತೇನೆ ಎಂದೆ. ನನ್ನ ಡ್ರೈವಿಂಗ್ ಅವರಿಗೆ ಗೊತ್ತಿದೆ, ಹೆದರಿದರು. ಮರುದಿನ ಅಂಗಡಿಯಿಂದ ಹೊಸ ಬ್ಯಾಟರಿ ತಂದು ಸುಮ್ಮನೆ ಕೂಡಿಸಿದರು. ಅಷ್ಟಕ್ಕೆಲ್ಲ ನಾನು ಕರಗುವುದಿಲ್ಲ, ಆದರೂ ಬರುತ್ತಾರೆ.

ಸಿಟ್ಟು ನಿಮ್ಮ ಮೇಲೂ ಇದೆ, ತಪ್ಪಿಸಿಕೊಂಡೆ ಎಂದುಕೊಳ್ಳಬೇಡಿ. ಎದೆ ನೋಯುವುದನ್ನು ನನಗೂ ಹೇಳಲಿಲ್ಲ. ಹೇಳಿದರೆ ಪ್ರವಾಸ ತಪ್ಪುತ್ತದೆ ಎಂದು ಮುಚ್ಚಿಟ್ಟಿರಿ, ಅಲ್ಲವೇ? ಕೌದಿಯ ಒಂದು ಅಂಚು ಹೊಲಿಯದೆ ಬಿಟ್ಟು ಹೋದಿರಿ. ಅದನ್ನು ನಾನೇ ಹೊಲಿದೆ. ಹೊಲಿಗೆ ಕೋಳಿ ಕೆದರಿದಂತೆ ಆಗಿದೆ. ನೀವಿದ್ದಿದ್ದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದಿರಿ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಘಾಟಿನ ಮೇಲಿನ ಹಿಮ ಸರಿಸಿ ಲಡಾಖಿನ ರಸ್ತೆ ತೆರೆದಿದ್ದಾರೆ. ಸೋಮವಾರ ಹೊರಡುತ್ತೇವೆ. ಉತ್ತರದ ಹಾದಿ ಕಮಲಾಪುರದ ಮೇಲೆಯೇ ಹೋಗುತ್ತದೆ. ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸಿ ಈ ಪತ್ರ ನಿಮಗೆ ಓದಿ ಹೇಳುತ್ತೇನೆ. ಭಾವನವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಕೇಳಿಸಿಕೊಂಡರೂ ದಕ್ಷಿಣದ ಮಾತಿಗೆ ಸಮಾಧಾನಪಡಬೇಕಾಗಿಲ್ಲ, ಯಾಕೆಂದರೆ ಮುಂದಿನದನ್ನೂ ಓದುತ್ತೇನೆ. ನೀವು ಕೊನೆಯ ತೊಗರಿ ಕಾಳು ಇಟ್ಟ ಊರು ಮುಟ್ಟಿದ ದಿನ ನಾನು ಗಾಡಿಯನ್ನು ತಿರುಗಿಸಿ ನಿಲ್ಲಿಸುವುದಿಲ್ಲ. ಅದರ ಮುಖ ಉತ್ತರಕ್ಕೇ ಇರುತ್ತದೆ, ನನ್ನ ತಲೆಯೂ. ನಿಮ್ಮ ಅಳತೆಯ ಹಾಸಿಗೆಯಲ್ಲಿ ಕಾಲು ಸ್ವಲ್ಪ ಮಡಚಿಕೊಂಡು, ಕೌದಿಯನ್ನು ಗದ್ದದವರೆಗೆ ಎಳೆದುಕೊಂಡು ಮಲಗುತ್ತೇನೆ. ನಿಮ್ಮ ಪಾಲಿನ ಚಳಿಯನ್ನೂ ನಾನೇ ಅನುಭವಿಸುತ್ತೇನೆ.

ಬೆಳಗಾದ ಮೇಲೆ ಕೌದಿ ಮಡಚಿ, ತಲೆದಿಂಬನ್ನು ಅದರ ಜಾಗದಲ್ಲಿಟ್ಟು, ಕಮಲಾಪುರಕ್ಕೆ ಫೋನ್ ಹಚ್ಚುತ್ತೇನೆ. ಜಗಳ ಮಾಡುವುದಿಲ್ಲ, ಮಾತು ಬೆಳೆಸುವುದಿಲ್ಲ. "ಭಾವಾರೀ, ಎದ್ದೀನಿ" ಎಂದಷ್ಟೇ ಹೇಳಿ ಇಡುತ್ತೇನೆ.

ನಿಮ್ಮ ಸೊಸಿ,
ಗಂಗು