ಗಾಳಿಯಲ್ಲಿ ಹಾರಿಸಿದ ಗುಂಡಿಗೆ ನನ್ನದೂ ಒಂದು ಸಹಿ

ಶಸ್ತ್ರ ಪರವಾನಗಿ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ, ಹೋದ ವರ್ಷ ವಿಜಯದ ಮೆರವಣಿಗೆಯಲ್ಲಿ ಒಬ್ಬ ಗೌಂಡಿಯ ಪ್ರಾಣ ತೆಗೆದ ಪಿಸ್ತೂಲಿನ ಪರವಾನಗಿಯನ್ನು ನವೀಕರಿಸಲು ನೀವು ಹೊರಟಿದ್ದೀರಿ. ಬೇಡ ಎಂದು ಮರಾಠಿಯಲ್ಲಿ ಮೂರು ಅರ್ಜಿ ಕೊಟ್ಟೆ. ಮೂರೂ ಸಲ ಮೊಹರು ಅಚ್ಚುಕಟ್ಟಾಗಿ ಬಿತ್ತು, ಉತ್ತರ ಬರಲಿಲ್ಲ. ಹೇಗೂ ಓದುವವರಿಲ್ಲ ಎಂದಮೇಲೆ ನನ್ನ ಭಾಷೆಯಲ್ಲೇ ಬರೆದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಉಡುಪಿ ಕಡೆಯವನು. ನಾಶಿಕದ ಸಾತಪುರದಲ್ಲಿ ಇಪ್ಪತ್ತಾರು ವರ್ಷಗಳಿಂದ ಹೋಟೆಲು ನಡೆಸುತ್ತಿದ್ದೇನೆ. ಪರವೂರಿನಲ್ಲಿ ಗಲ್ಲಾದ ಮೇಲೆ ಕೂತ ನಮ್ಮಂಥವರ ಬಾಯಲ್ಲಿ 'ಇಲ್ಲ' ಎಂಬ ಮಾತು ಬರುವುದಿಲ್ಲ. ಗಣಪತಿ ಮಂಡಳಿಯವರು ಬರಲಿ, ಕ್ರಿಕೆಟ್ ಪಂದ್ಯದವರು ಬರಲಿ, ಚಹಾ ಕೊಟ್ಟು ಹೂಂ ಎಂದು ಕಳಿಸುತ್ತೇವೆ. ನಾಲ್ಕು ವರ್ಷಗಳ ಹಿಂದೆ ನಿಮ್ಮ ಹವಾಲ್ದಾರರು ಒಂದು ಕಾಗದ ತಂದರು. 'ಅರ್ಜಿದಾರರು ಸಜ್ಜನರು, ಇವರ ಬಳಿ ಶಸ್ತ್ರವಿದ್ದರೆ ನೆರೆಹೊರೆಗೆ ಅಪಾಯವಿಲ್ಲ' ಎಂದಿತ್ತು. ಅರ್ಜಿದಾರರು ನಮ್ಮ ವಾರ್ಡಿನ ಗಣ್ಯರು, ದಿನವೂ ನನ್ನಲ್ಲಿ ಇಡ್ಲಿ ತಿನ್ನುವವರು. ಇಡ್ಲಿ ತಿನ್ನುವಾಗ ಎಲ್ಲರೂ ಸಜ್ಜನರೇ. ಎರಡು ಬಿಲ್ಲುಗಳ ನಡುವೆ ಸಹಿ ಹಾಕಿಬಿಟ್ಟೆ.

ಹೋದ ವರ್ಷ ಅವರ ತಮ್ಮ ಚುನಾವಣೆ ಗೆದ್ದ. ಹಗಲು ಹನ್ನೊಂದರ ಹೊತ್ತಿಗೆ ಮೆರವಣಿಗೆ ನನ್ನ ಹೋಟೆಲಿನ ಮುಂದೆ ನಿಂತಿತು. ಗಣ್ಯರು ಜೀಪಿನ ಮೇಲೆ ನಿಂತು ಗಾಳಿಯಲ್ಲಿ ಮೂರು ಗುಂಡು ಹಾರಿಸಿದರು. ಎದುರಿನ ಹೊಸ ಕಟ್ಟಡದ ನಾಲ್ಕನೆಯ ಮಹಡಿಯ ಹೊರಗೋಡೆಗೆ ಯಾದಗಿರಿಯ ರಾಚಪ್ಪ ಬಿದಿರಿನ ಸಾರವೆಯ ಮೇಲೆ ನಿಂತು ಗಿಲಾವು ಮಾಡುತ್ತಿದ್ದ. ಬೆಳಿಗ್ಗೆ ನನ್ನಲ್ಲೇ ಚಹಾ ಕುಡಿದು, "ಇವತ್ತ ಈ ಗ್ವಾಡಿ ಮುಗೀತದ್ರಿ" ಎಂದು ಹೇಳಿ ಹೋಗಿದ್ದ. ಗುಂಡು ಅವನ ಕಂಕುಳಲ್ಲಿ ಹೊಕ್ಕಿತು. ಬ್ಯಾಂಡಿನ ಸದ್ದಿನಲ್ಲಿ ಅವನು ಬಿದ್ದದ್ದೂ ಕೆಳಗಿನವರಿಗೆ ಕೂಡಲೇ ತಿಳಿಯಲಿಲ್ಲ.

ಸಂಭ್ರಮಕ್ಕೆಂದು ಗುಂಡು ಹಾರಿಸುವುದೇ ಅಪರಾಧವೆಂದು ಕಾಯಿದೆಯಲ್ಲಿದೆ. ಆದರೆ ಕೇಸಾಗಿ, ಜಾಮೀನಾಗಿ, ಪಿಸ್ತೂಲು ಮತ್ತೆ ಗಣ್ಯರ ಕೈಸೇರಿತು. ಅವರ ವಕೀಲರ ವಾದ ಕೇಳಿ: ಜೀವಿಸುವ ಹಕ್ಕಿನೊಳಗೆ ಆತ್ಮರಕ್ಷಣೆಯ ಹಕ್ಕಿದೆಯಂತೆ, ಅದರೊಳಗೆ ಪಿಸ್ತೂಲಿನ ಹಕ್ಕಿದೆಯಂತೆ, ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ. ಹಾಗಾದರೆ ರಾಚಪ್ಪನ ಜೀವಿಸುವ ಹಕ್ಕನ್ನು ಯಾವ ಡಬ್ಬಿಯಲ್ಲಿ ಇಟ್ಟಿದ್ದಿರಿ? ಮಗಳು ಅಕ್ಷಿತಾ ತನ್ನ ನಾಗರಿಕಶಾಸ್ತ್ರದ ಪುಸ್ತಕ ತಂದು ತೋರಿಸಿದಳು. "ಪಪ್ಪಾ, ಯಾತ್ ತರ್ ಲಿಹಿಲಂಯ್, ಇದರಲ್ಲೇ ಬರೆದಿದೆ, ಜನ ಸೇರಬಹುದು, ಪಣ್ ಶಸ್ತ್ರ ಇಲ್ಲದೆ." ಸಭೆ ಸೇರುವ ಹಕ್ಕನ್ನು ಕೊಟ್ಟ ವಾಕ್ಯದಲ್ಲೇ ಸಂವಿಧಾನ ಆಯುಧವನ್ನು ಹೊರಗಿಟ್ಟಿದೆ. ಒಂಬತ್ತನೆಯ ತರಗತಿಯವರಿಗೆ ಅರ್ಥವಾಗುವುದು ನಿಮ್ಮ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ ಏಕೆ?

ನಿಯಮಗಳಿಲ್ಲ ಎನ್ನಬೇಡಿ. ಊರಿನಲ್ಲಿ ನನ್ನ ದೊಡ್ಡಪ್ಪನ ಹತ್ತಿರ ಹಂದಿ ಓಡಿಸುವ ಹಳೆಯ ಕೋವಿ ಇದೆ. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಪ್ಪಿಸಿ ಚೀಟಿ ತರುತ್ತಾರೆ. ಅವರಿಗೀಗ ಎಂಬತ್ತೊಂದು. ಇಲ್ಲಿಯ ಗಣ್ಯರಿಗೆ ಮಾತ್ರ ಜೀವಬೆದರಿಕೆಯ ಹೆಸರಿನಲ್ಲಿ ವಿನಾಯಿತಿ ಸಿಕ್ಕಿತು.

ರಾಚಪ್ಪನ ಹೆಂಡತಿ ಮಾಳವ್ವ ಈಗ ಸಂಭಾಜಿನಗರದ ಬೀಡ್ ಬೈಪಾಸ್ ಬಳಿ ಒಂದು ಕಟ್ಟಡದಲ್ಲಿ ದುಡಿಯುತ್ತಾಳೆ. ಹೋದ ತಿಂಗಳು ಹುಡುಕಿಕೊಂಡು ಹೋದೆ. ಸಹಿಯ ವಿಷಯ ಹೇಳಿ ಕ್ಷಮೆ ಕೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ. ಗಣ್ಯರು ಯಾರಿಗೂ ಗುರಿ ಇಟ್ಟಿರಲಿಲ್ಲವಂತೆ, ಗಾಳಿಯಲ್ಲಿ ಹೊಡೆದರಂತೆ ಎಂದು ಏನೋ ತೊದಲಿದೆ. ಅವಳು ತಲೆಯ ಮೇಲಿನ ಸಿಂಬೆ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಎಲ್ಲಾರೂ ಅದನ್ನ ಹೇಳ್ತಾರ್ರಿ ಅಣ್ಣಾರ, ಗಾಳ್ಯಾಗ ಹೊಡದಾರ ಅಂತ. ನಮ್ಮ ಮಂದಿ ದುಡಿಯೂದು ಗಾಳ್ಯಾಗ ಅಲ್ಲೇನ್ರಿ? ಒಂದ್ಸಲ ಮ್ಯಾಲ ನೋಡಿದ್ರ ಕಾಣಸ್ತಿದ್ರು."

ನಾನು ತಲೆ ತಗ್ಗಿಸಿ ಬಸ್ಸು ಹತ್ತಿದೆ. ನಾಚಿಕೆಯಾಗುತ್ತದೆ ಮಾನ್ಯರೇ, ಇಂದಿಗೂ.

ನಿನ್ನೆ ಹವಾಲ್ದಾರರು ನವೀಕರಣದ ಕಾಗದ ತಂದಿದ್ದರು. ವಾಕ್ಯ ಅದೇ, ತಾರೀಖು ಬೇರೆ. "ಶೇಟ್, ಫಕ್ತ ಸಹೀ ಪಾಹಿಜೆ" ಎಂದರು, ಸಹಿ ಒಂದಿದ್ದರೆ ಸಾಕಂತೆ. ನಾಳೆ ಬನ್ನಿ ಎಂದೆ. ಇಪ್ಪತ್ತಾರು ವರ್ಷಗಳಲ್ಲಿ ನಾನು ಹೇಳಲು ಕಲಿತ 'ಇಲ್ಲ' ಅಷ್ಟೇ. ಅವರು ಮತ್ತೆ ಬಂದಾಗ ಸಹಿ ಹಾಕುವುದಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ, ಬರೆದರಾದರೂ ಧೈರ್ಯ ಬರಲಿ. ನಾನು ಹಾಕದಿದ್ದರೆ ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ಹಾಕುತ್ತಾರೆ, ಪಿಸ್ತೂಲು ಗಣ್ಯರ ಸೊಂಟದಲ್ಲೇ ಉಳಿಯುತ್ತದೆ. ಅದೂ ನನಗೆ ಗೊತ್ತು.

ಆದರೂ ಕೇಳುತ್ತೇನೆ. ನನ್ನ ಹಳೆಯ ಸಹಿಯನ್ನು ಹೊಡೆದುಹಾಕಿ. ನೆರೆಹೊರೆಗೆ ಅಪಾಯವಿಲ್ಲ ಎಂಬ ಆ ಕಾಗದವನ್ನು ಒಮ್ಮೆ ಮಾಳವ್ವನ ಮುಂದೆ ಹಿಡಿಯಿರಿ. ಅವಳಿಗೆ ಸಹಿ ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾಳೋ ನೋಡಿ. ಈಗ ಐದನೆಯ ಮಹಡಿಗೆ ಇಟ್ಟಿಗೆ ಹೊರುತ್ತಿದ್ದಾಳೆ. ಹುಡುಕಿಕೊಂಡು ಹೋದವರು ಕೆಳಗೆ ನಿಂತು ಮೇಲೆ ನೋಡಬೇಕು.

ಇಂತಿ,
ಅರ್ಜಿದಾರರು ಸಜ್ಜನರೆಂದು ನಿಮಗೆ ಬರೆದುಕೊಟ್ಟವನು,
ಮೋಹನದಾಸ
ಸಾತಪುರ, ನಾಶಿಕ