ಅನ್ವಿತ್‌ನ ಶೂ ಎತ್ತಿಡಬೇಡಿ

ಚಿಕ್ಕಮ್ಮಾ,

ಅನ್ವಿತ್‌ನನ್ನು ಏರ್‌ಪೋರ್ಟ್‌ಗೆ ಬಿಟ್ಟು ಬರುತ್ತೇನೆ. ಸಾರು ಫ್ರಿಜ್‌ನಲ್ಲಿದೆ, ಬಿಸಿ ಮಾಡಿಕೊಳ್ಳಿ.

ಲಾಯರ್ ಮತ್ತೆ ಅದನ್ನೇ ಹೇಳಿದರು. ನನಗೆ ಇಲ್ಲಿ ಆಶ್ರಯ, ಅಂದರೆ ಅಸೈಲಂ, ಸಿಕ್ಕ ಮೇಲೆ ಮದುವೆಯಾದದ್ದರಿಂದ ಅದರಲ್ಲಿ ಗಂಡನನ್ನು ಸೇರಿಸುವಂತಿಲ್ಲ. ನನಗೆ ಗ್ರೀನ್ ಕಾರ್ಡ್ ಬಂದ ಮೇಲೆ ಅವನಿಗೆ ಅಪ್ಲೈ ಮಾಡಬೇಕು. ಅಲ್ಲಿಯವರೆಗೆ ಅವನು ಇಲ್ಲಿರಲು ವೀಸಾ ಉಳಿದಿಲ್ಲ. ಅವತ್ತು ನೀವು "ಆಷಾಢ ಕಳೀಲಿ, ಆಮೇಲೆ ತಾಳಿ" ಅಂದಿರಿ. ಅಸೈಲಂ ಆಷಾಢದಲ್ಲೇ ಬಂತು. ನಿಮ್ಮನ್ನು ದೂರುತ್ತಿಲ್ಲ, ಹೂಂ ಅಂದವಳು ನಾನೇ.

ನಾನು ತಪ್ಪಿಸಿಕೊಂಡು ಬಂದ ಊರಿಗೇ ಅವನು ಹೋಗುತ್ತಿದ್ದಾನೆ. ನನ್ನನ್ನು ಕೊಲ್ಲಲು ಬಂದವರು ಇನ್ನೂ ಅಲ್ಲೇ ಇದ್ದಾರೆ. ಯಾರೇ ಫೋನ್ ಮಾಡಲಿ, ಅವನು ಇಲ್ಲೇ, ಸ್ಟರ್ಲಿಂಗ್‌ನಲ್ಲಿ ನಮ್ಮ ಜೊತೆಗೇ ಇದ್ದಾನೆ ಅನ್ನಿ.

ಅವನ ಶೂ ಬಾಗಿಲ ಬಳಿಯೇ ಇರಲಿ, ಎತ್ತಿಡಬೇಡಿ. ವಾಪಸ್ ಬಂದು ಬಾಗಿಲು ತೆಗೆದಾಗ ಅವನು ಒಳಗಿದ್ದಾನೆ ಅಂತ ನನಗೂ ಅನ್ನಿಸಲಿ.

ಶ್ರದ್ಧಾ